ಹಗಲು ಹೊತ್ತು ಹೇಳಿದ ಕಥೆಗಳು

ಬರಗಾಲದ ಆ ವರ್ಷ ನನ್ನ ಬಿನ್ನೆತ್ತಿಯಲ್ಲಿ, ಎಂದರೆ ಒಂದನೆಯ ಇಯತ್ತೆಗೂ ಕೆಳಗಿನ ಚಿಕ್ಕಮಕ್ಕಳ ವರ್ಗದಲ್ಲಿ, ನಲವತ್ತು ಹೆಸರುಗಳಿದ್ದವು, ಒಂಬತ್ತು ಮಕ್ಕಳಿದ್ದರು. ಉಳಿದವರು ತಂದೆತಾಯಿಯ ಬೆನ್ನು ಹತ್ತಿ ಬರಗಾಲದ ಕಾಮಗಾರಿಗಳಿಗೆ ಹೋಗಿದ್ದರು. ವಿಜಾಪುರದಂಥ ಊರಿನಲ್ಲಿ ಒಂಬತ್ತು ಮಕ್ಕಳಿಗೆ ಒಬ್ಬ ಟ್ರೇನ್ಡ್ ಮಾಸ್ತರನನ್ನು ಇಡುವುದು ದುಂದುಗಾರಿಕೆ ಎಂದು ಮೇಲಿನವರಿಗೆ ಅನ್ನಿಸಿರಬೇಕು. ಒಂದು ದಿನ ಹುಕುಂ ಬಂತು.

ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹಾಕುತ್ತಿರುವ ಖಡಿ ರಸ್ತೆಯ ಕಾಮಗಾರಿಗೆ ನಾನು ಹೋಗತಕ್ಕದ್ದು. ಅಲ್ಲಿ ದುಡಿಯುವವರ ಮೂರರಿಂದ ಆರು ವರ್ಷದ ಮಕ್ಕಳಿಗಾಗಿ ಹಾಕಿದ ಛಪ್ಪರವನ್ನು ನೋಡಿಕೊಳ್ಳತಕ್ಕದ್ದು. ಎರಡು ಹೊತ್ತು ಗಂಜಿ ಹಾಕಿಸತಕ್ಕದ್ದು. ಆ ಎರಡು ಗಂಜಿಗಳ ನಡುವೆ ‘ಪರಂಪರಾಗತವೂ ಬೋಧಪ್ರದವೂ ಆದ ಕಥೆಗಳನ್ನು’ ಹೇಳತಕ್ಕದ್ದು. ಗಂಜಿಗೆ ಕಥೆಯನ್ನು ಜೋಡಿಸಿದ ತಲೆ ಯಾರದೋ ನನಗೆ ತಿಳಿಯದು. ದೊಡ್ಡ ತಲೆಯೇ ಇರಬೇಕು. ಗಂಜಿ ಸಾಲುವುದಿಲ್ಲ ಎಂಬುದು ಅದಕ್ಕೆ ಮೊದಲೇ ಹೊಳೆದಿತ್ತು.

ನಾನು ಸೈಕಲ್ಲಿಗೆ ಹಾಸಿಗೆ ಕಟ್ಟಿಕೊಂಡು, ಟ್ರೇನಿಂಗಿನಲ್ಲಿ ಬರೆದುಕೊಂಡ ಪಾಠ ಟಿಪ್ಪಣಿಯ ವಹಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಆ ವಹಿಯಲ್ಲಿ ‘ಶಿಶುಗಳ ಉತ್ಸಾಹವನ್ನು ಹತೋಟಿಯಲ್ಲಿಡುವ ಕ್ರಮ’ ಎಂಬ ಒಂದು ಪ್ರಕರಣವಿತ್ತು. ಅದು ಉಪಯೋಗಕ್ಕೆ ಬರಲಿಲ್ಲ.

ಛಪ್ಪರವೆಂದರೆ ಮೇಲೆ ತಗಡು, ಮೂರು ಕಡೆ ತಟ್ಟಿ, ನಾಲ್ಕನೆಯ ಕಡೆ ಸರಕಾರ. ಎಂದರೆ ಆ ಕಡೆ ಮುಚ್ಚುವ ತಟ್ಟಿ ಮಂಜೂರಾಗಿತ್ತು, ಬಂದಿರಲಿಲ್ಲ. ಹಿಂದೆ ಮೂರು ಕಲ್ಲಿನ ಒಲೆ, ಅದರ ಮೇಲೆ ಹಂಡೆ, ಹಂಡೆಯ ಮುಂದೆ ಗಂಜಿ ಕಾಯಿಸುವ ಆಯಿ. ಆಕೆಗೆ ಎಪ್ಪತ್ತರ ಮೇಲಾಗಿತ್ತು, ಕಲ್ಲು ಒಡೆಯಲಾರಳೆಂದು ಈ ಕೆಲಸಕ್ಕೆ ಹಚ್ಚಿದ್ದರು. ಎದುರಿಗೆ ರಸ್ತೆ, ರಸ್ತೆಯ ಎರಡೂ ಬದಿ ಕಲ್ಲಿನ ಗುಂಪಿಗಳು, ಒಂದೊಂದು ಗುಂಪಿಯ ಬದಿಗೆ ಒಬ್ಬೊಬ್ಬ ಹೆಣ್ಣುಮಗಳು ಕೂತು ಸುತ್ತಿಗೆಯಿಂದ ಖಡಿ ಒಡೆಯುತ್ತಿದ್ದಳು. ಬೆಳಗಿನಿಂದ ಸಂಜೆಯ ತನಕ ಆ ಸದ್ದು. ಮಾತಾಡುವವನು ಅದರ ಸಂದಿಯಲ್ಲಿ ಮಾತಾಡಬೇಕು.

ಕಾಮಗಾರಿಯ ಓವರಸೀಯರ ಮೊದಲ ದಿನವೇ ನನಗೆ ನಿಯಮ ತಿಳಿಸಿದ. ಬೆಳಿಗ್ಗೆ ಒಂದು ಹಾಜರಿ, ಮಧ್ಯಾಹ್ನ ಒಂದು ಹಾಜರಿ. ಎರಡೂ ಹಾಜರಿಗೆ ಛಪ್ಪರದೊಳಗೆ ಕೂತ ಮಗುವಿಗೆ ಮಾತ್ರ ಗಂಜಿ. ಛಪ್ಪರದಾಚೆ ಒಂದು ಹನಿ ಹೋಗಕೂಡದು; ಹೋದರೆ ದೊಡ್ಡವರು ಕುಡಿಯುತ್ತಾರೆ. ಅರವತ್ತು ಮಕ್ಕಳಿಗೆ ಜಾಗ, ಅರವತ್ತೊಂದನೆಯದಕ್ಕೆ ಇಲ್ಲ. ಮೂರು ವರ್ಷಕ್ಕೆ ಕಡಿಮೆ ಇದ್ದ ಕೂಸು ತಾಯಿಯ ಬಳಿಯೇ ಇರಬೇಕು, ಅದಕ್ಕೆ ತಾಯಿಯ ಹಾಲು ಇರುತ್ತದೆ ಎಂದು ನಿಯಮಕ್ಕೆ ನಂಬಿಕೆ.

ಮೊದಲ ನಾಲ್ಕು ದಿನ ನಾನು ಕಲಿತ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಚಪ್ಪಾಳೆ ಹಾಡು, ಬೆರಳಿನ ಆಟ, ಮಣ್ಣಿನಲ್ಲಿ ಅಕ್ಷರ. ಮಕ್ಕಳು ಮುಪ್ಪಿನವರ ಹಾಗೆ ಮೊಳಕಾಲು ಅಪ್ಪಿಕೊಂಡು ಕೂತು ನೋಡುತ್ತಿದ್ದರು. ಚಪ್ಪಾಳೆ ಹೊಡೆಯಿರಿ ಎಂದರೆ ಹೊಡೆಯುತ್ತಿದ್ದರು, ಒಂದೇ ಸಲ. ಐದನೆಯ ದಿನ ಕಥೆಗೆ ಇಳಿದೆ. ಸತ್ಯ ಹೇಳಿದವನಿಗೆ ಬಹುಮಾನ ಸಿಕ್ಕ ಕಥೆ. ಅದು ಮುಗಿದಾಗ ಇಬ್ಬರು ನಿದ್ದೆ ಹೋಗಿದ್ದರು, ಉಳಿದವರು ಹಂಡೆಯ ಕಡೆಗೆ ಮುಖ ಮಾಡಿದ್ದರು.

ಆಯಿ ಹುಟ್ಟು ತಿರುವುತ್ತಲೇ, ಹೂಂ ಅನ್ನುವವರಿಲ್ಲದೆ ಕಥೆ ಯಾರಿಗೆ ಹೇಳಿದಿರಿ, ತಟ್ಟಿಗೋ ಎಂದು ಕೇಳಿದಳು. ನಾನು ನಾಚಿದೆ. ಇದು ನನ್ನ ಅಜ್ಜಿಯ ಕಾಲದಿಂದ ಗೊತ್ತಿದ್ದ ಸಂಗತಿ; ಟ್ರೇನಿಂಗಿನಲ್ಲಿ ಮರೆಸಿದ್ದರು. ನಮ್ಮ ಕಡೆ ಕೇಳುವವನು ಮಾತಿಗೊಮ್ಮೆ ಹೂಂ ಅನ್ನದಿದ್ದರೆ ಕಥೆ ಮುಂದಕ್ಕೆ ನಡೆಯುವುದಿಲ್ಲ. ಮಾರನೆಯ ದಿನ ಅರವತ್ತು ಮಕ್ಕಳನ್ನೂ ಸಾಲುಸಾಲಾಗಿ ಕೂಡ್ರಿಸಿದೆ. ಒಂದು ಮಾತಿಗೆ ಒಂದು ಮಗುವಿನ ಹೂಂ, ಸರದಿಯ ಪ್ರಕಾರ. ಕಥೆಯೂ ಬದಲಾಯಿತು. ತವರಿಗೆ ಹೊರಟ ಒಂದು ಇರುವೆ. ಕಪ್ಪೆ, ಎತ್ತು, ದಾರಿಯಲ್ಲಿ ಸಿಕ್ಕವರನ್ನೆಲ್ಲ ದಾರಿ ಕೇಳುತ್ತದೆ. ಕೇಳಿದವರೆಲ್ಲ ಅದರ ಬೆನ್ನು ಹತ್ತುತ್ತಾರೆ. ಎಷ್ಟು ಮಕ್ಕಳಿದ್ದರೂ ಸಾಲುವಷ್ಟು ಉದ್ದದ ಕಥೆ.

ಅದು ನಡೆಯಿತು. ತನ್ನ ಸರದಿಗೆ ಕಾಯುವ ಮಗು ನಿದ್ದೆ ಹೋಗುವುದಿಲ್ಲ. ಆದರೆ ಇರುವೆ ತವರು ಮುಟ್ಟಿದ ಮೇಲೆ ಅಲ್ಲಿ ಊಟವಿರುತ್ತದೆ. ಜನಪದ ಕಥೆಯಲ್ಲಿ ಊಟವಿಲ್ಲದ ತವರು ಇಲ್ಲ. ಹಸಿದ ಮಕ್ಕಳ ಮುಂದೆ ಹೋಳಿಗೆಯ ಮಾತೇಕೆಂದು ನಾನು ಅದನ್ನು ತೆಗೆದು, ಇರುವೆ ಸುಖವಾಗಿ ಮಲಗಿತು ಎಂದು ಮುಗಿಸಿದೆ. ಯಾರೂ ಹೂಂ ಅನ್ನಲಿಲ್ಲ. ಕಳ್ಳಕವಟಗಿಯಿಂದ ಬಂದವಳೊಬ್ಬಳ ಮಗಳು, ನಾಲ್ಕು ವರ್ಷದ್ದು, ಮೂರನೆಯ ಸಾಲಿನ ತುದಿಗೆ ಕೂಡ್ರುತ್ತಿತ್ತು. ಅದು ಹೇಳಿತು: “ಉಣ್ಣಾಕ ಹಾಕ್ರಿ ಮಾಸ್ತರ್ರ ಅದಕ್ಕ. ಅಷ್ಟ್ ದೂರ ನಡದು ಬಂದೈತಿ.”

ಆಮೇಲೆ ನಾನು ಯಾವ ಕಥೆಯಿಂದಲೂ ಊಟ ತೆಗೆಯಲಿಲ್ಲ. ಮಕ್ಕಳು ಅದನ್ನು ಕಟ್ಟುನಿಟ್ಟಾಗಿ ವಿಚಾರಿಸುತ್ತಿದ್ದರು. ರೊಟ್ಟಿ ಎಷ್ಟು, ಪಲ್ಯ ಯಾವುದು, ಕಪ್ಪೆಗೆ ಕೊಟ್ಟರೋ ಇಲ್ಲವೋ. ಕಪ್ಪೆಗೆ ಕೊಡಲು ಮರೆತ ದಿನ ಕಥೆಯನ್ನು ಹಿಂದಕ್ಕೆ ತಿರುಗಿಸಿ ಕೊಡಬೇಕಾಯಿತು.

ಹೂಂಗಳಿಂದ ಇನ್ನೊಂದು ಉಪಯೋಗವಾಯಿತು. ಹದಿನೈದು ದಿನ ಕೇಳಿದ ಮೇಲೆ ಒಂದೊಂದು ಮಗುವಿನ ದನಿ ನನಗೆ ಗುರುತಾಯಿತು. ನಿನ್ನೆ ಗಟ್ಟಿ ಇದ್ದದ್ದು ಇಂದು ತೆಳ್ಳಗಾದರೆ, ತಡವಾದರೆ, ಹಾಜರಿಯ ಪಟದಲ್ಲಿ ಆ ಹೆಸರಿನ ಮುಂದೆ ಸೀಸದಕಡ್ಡಿಯಿಂದ ಒಂದು ಚುಕ್ಕೆ ಇಡುತ್ತಿದ್ದೆ. ವಾರಕ್ಕೊಮ್ಮೆ ಬರುವ ಕಂಪೌಂಡರನ ಮುಂದೆ ಚುಕ್ಕೆಯವರನ್ನೇ ಮೊದಲು ನಿಲ್ಲಿಸುತ್ತಿದ್ದೆ. ಆತನಿಗೂ ಇದು ಸರಿಬಂತು, ಅರವತ್ತು ನಾಲಗೆ ನೋಡುವುದು ತಪ್ಪಿತು. ಇಷ್ಟರಲ್ಲಿ ನನಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬೆಳೆದಿತ್ತು. ‘ಶಿಶುಶಿಕ್ಷಣದಲ್ಲಿ ಜನಪದ ಕಥೆಗಳ ಸ್ಥಾನ’ ಎಂದು ಒಂದು ವರದಿಯ ತಲೆಬರಹವನ್ನೂ ಬರೆದಿಟ್ಟಿದ್ದೆ. ಕೆಳಗೆ ಗೆರೆ ಎಳೆದಿದ್ದೆ, ಎರಡು.

ಆಗ ತಾಯಂದಿರು ಬಂದರು. ಮಧ್ಯಾಹ್ನದ ಬಿಡುವಿನಲ್ಲಿ ಐದಾರು ಜನ, ಮುಂದೆ ಆ ಕಳ್ಳಕವಟಗಿಯವಳು, ಸೊಂಟದ ಮೇಲೆ ವರ್ಷದ ಕೂಸು. ಮಾತಿನವಳಲ್ಲ. ನೆಲ ನೋಡಿಕೊಂಡೇ ಕೇಳಿದಳು.

“ಮಾಸ್ತರ್ರ, ಹುಡುಗಿ ಹೇಳ್ತಾಳ್ರಿ, ನೀವು ಹಗಲೊತ್ತ ಕತಿ ಹೇಳ್ತೀರಂತ. ಖರೇನ್ರಿ?”

“ಖರೆ. ಸರಕಾರದ ಹುಕುಂ ಐತಿ.”

“ಸರಕಾರಕ್ಕ ಸ್ವಾದರಮಾವ ಇಲ್ಲೇನ್ರಿ?”

ಹಗಲು ಹೊತ್ತು ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ. ಇದೂ ನನಗೆ ಅಜ್ಜಿಯ ಕಾಲದಿಂದ ಗೊತ್ತಿದ್ದದ್ದೇ. ಎಲ್ಲರ ಅಜ್ಜಿಯರೂ ಹೇಳುತ್ತಿದ್ದರು; ಹಗಲು ಕೆಲಸ ಬಿಟ್ಟು ಕಥೆಗೆ ಕೂಡ್ರಬಾರದೆಂದು ಮಾಡಿದ ಉಪಾಯವೆಂದು ನಾನು ತಿಳಿದಿದ್ದೆ. ಆದರೆ ಆ ವರ್ಷ ಆ ಹೆಂಗಸರ ಅಣ್ಣತಮ್ಮಂದಿರು ಮನೆಯಲ್ಲಿರಲಿಲ್ಲ. ಗಿರಣಿ ಕೆಲಸ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋಗಿದ್ದರು. ಕಳ್ಳಕವಟಗಿಯವಳ ತಮ್ಮನೂ ಹೋಗಿದ್ದ. ಕೆಲಸ ಸಿಕ್ಕೊಡನೆ ಬಂದು ಅಕ್ಕನನ್ನೂ ಎರಡು ಮಕ್ಕಳನ್ನೂ ಕರೆದುಕೊಂಡು ಹೋಗುವೆನೆಂದು ಹೇಳಿ ಹೋಗಿದ್ದ. ಗಂಡನಿಲ್ಲದ ಆಕೆಗೆ ಬೇರೆ ದಾರಿ ನೋಡುವುದಿರಲಿಲ್ಲ.

ಇಲ್ಲಿ ನಾನು ಮಾಡಿದ್ದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನಾನು ಭೂಗೋಳದ ಪಾಠ ಮಾಡಿದೆ. ಕೋಲು ತೆಗೆದುಕೊಂಡು ಮಣ್ಣಿನಲ್ಲಿ ನಕಾಶೆ ಎಳೆದೆ. ಇದು ತಿಕೋಟಾ, ಇದು ವಿಜಾಪುರ, ಇಲ್ಲಿಂದ ಹೀಗೆ ಸೊಲ್ಲಾಪುರ ರಸ್ತೆ. ನೆಟ್ಟಗೆ ಹೋಗಿದೆ, ಬದಿಗೆ ರೈಲೂ ಇದೆ. ಈ ರಸ್ತೆಯಲ್ಲಿ ದಾರಿ ತಪ್ಪಬೇಕಾದರೆ ನಿನ್ನ ತಮ್ಮ ಬಹಳ ತ್ರಾಸು ತೆಗೆದುಕೊಳ್ಳಬೇಕಾದೀತು ಎಂದೆ. ಅಲ್ಲೇ ನಿಂತಿದ್ದ ಓವರಸೀಯರ ನಕ್ಕ. ನಾನೂ ನಕ್ಕೆ. ಹೆಂಗಸರು ನಗಲಿಲ್ಲ. ತಿರುಗಿ ಹೋಗುವಾಗ ಆಕೆ ನಾನೆಳೆದ ಗೆರೆಯನ್ನು ತುಳಿಯದೆ ಸುತ್ತು ಹಾಕಿ ಹೋದಳು.

ಮತ್ತೆಂಟು ದಿನಕ್ಕೆ ಕಳ್ಳಕವಟಗಿಯ ಒಬ್ಬಾತ ಸೊಲ್ಲಾಪುರದಿಂದ ತಿರುಗಿ ಬಂದ. ಆಕೆಯ ತಮ್ಮ ತನಗಿಂತ ಹತ್ತು ದಿನ ಮೊದಲೇ ಅಲ್ಲಿಂದ ಊರಿಗೆಂದು ಹೊರಟನೆಂದು ಹೇಳಿದ. ಊರಿಗೆ ಆತ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಹಾಜರಿಯಲ್ಲಿ ಹನ್ನೆರಡು ಹೆಸರುಗಳಿಗೆ ಉತ್ತರ ಬರಲಿಲ್ಲ. ಎದುರಿಗೆ ನೋಡಿದರೆ ಮಕ್ಕಳು ಅಲ್ಲೇ ಇದ್ದರು. ಕಲ್ಲಿನ ಗುಂಪಿಯ ಬದಿಗೆ ಎರಡು ಕೋಲು ನೆಟ್ಟು, ಹಳೆಯ ಸೀರೆ ಕಟ್ಟಿ, ಅದರ ನೆರಳಿನಲ್ಲಿ ತಾಯಂದಿರು ಅವರನ್ನು ಕೂಡ್ರಿಸಿಕೊಂಡಿದ್ದರು. ಕರೆದರೆ ಕೇಳುವಷ್ಟು ಹತ್ತಿರ. ಕಥೆ ಅಲ್ಲಿಗೂ ಕೇಳಬಾರದೆಂದು ಸೀರೆಗಳನ್ನು ಗಾಳಿಯ ಆಚೆ ಬದಿಗೆ ಕಟ್ಟಿದ್ದರು. ಗಂಜಿಯ ವಾಸನೆ ಮಾತ್ರ ಯಾವ ಗಾಳಿಯಿದ್ದರೂ ಹೋಗುತ್ತಿತ್ತು.

ನಾನು ಓವರಸೀಯರನಿಗೆ ಕೇಳಿದೆ: ಆ ಹನ್ನೆರಡು ಮಕ್ಕಳಿಗೆ ಅಲ್ಲಿಯೇ ಗಂಜಿ ಕಳಿಸೋಣವೇ. ನಿಯಮ ಎಂದ. ನಿಯಮವನ್ನು ನಾನೇನು ಹೆತ್ತಿಲ್ಲ ಎಂದೂ ಹೇಳಿದ. ಸೈಕಲ್ ಹತ್ತಿ ವಿಜಾಪುರಕ್ಕೆ ಹೋಗಿ ನನಗೆ ಹುಕುಂ ಕಳಿಸಿದ ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಅರ್ಜಿಯನ್ನು ತೆಗೆದುಕೊಂಡ ಕಾರಕೂನ ಅದನ್ನು ಓದಿ, ಮಕ್ಕಳು ಛಪ್ಪರಕ್ಕೆ ಬಾರದಿದ್ದರೆ ಕಥೆಗಳು ಆಕರ್ಷಕವಾಗಿಲ್ಲವೆಂದು ಅರ್ಥ, ಸುಧಾರಿಸಿಕೊಳ್ಳಿ ಎಂದ.

ಉಳಿದ ದಾರಿ ನನಗೆ ಗೊತ್ತಿತ್ತು: ಹಗಲಿನ ಕಥೆ ನಿಲ್ಲಿಸುವುದು. ಅದನ್ನು ನಾನು ಮಾಡಲಿಲ್ಲ. ಹುಕುಮಿನ ಅಂಜಿಕೆ ಸ್ವಲ್ಪ. ಹೆಚ್ಚಿನದು ಬೇರೆ. ಹಟ ಮಾಡುವ ಮಗುವನ್ನು ಎರಡು ದಿನ ಅಲಕ್ಷಿಸಿದರೆ ತಾನಾಗಿಯೇ ಬರುತ್ತದೆ ಎಂದು ಟ್ರೇನಿಂಗಿನಲ್ಲಿ ಕಲಿಸಿದ್ದರು. ನಾನು ಆ ಸೂತ್ರವನ್ನು ತಾಯಂದಿರಿಗೆ ಹಚ್ಚಿದೆ. ಗಂಜಿ ಇಲ್ಲಿದೆ, ಹಸಿವೆ ಅಲ್ಲಿದೆ. ಮೂಢನಂಬಿಕೆ ಎಷ್ಟು ದಿನ ತಡೆದೀತು ಎಂದು ಲೆಕ್ಕ ಹಾಕಿದೆ. ಎರಡು ದಿನವಾಯಿತು, ಐದು ದಿನವಾಯಿತು. ನಾನು ಛಪ್ಪರದಲ್ಲಿ ಇರುವೆಯ ಕಥೆ ಹೇಳುತ್ತಲೇ ಇದ್ದೆ. ಒಂಬತ್ತನೆಯ ದಿನ ಆ ಹುಡುಗಿ ಸೀರೆಯ ನೆರಳಿನಲ್ಲಿ ಕೂತಿರಲಿಲ್ಲ, ಮಲಗಿತ್ತು. ಹತ್ತನೆಯ ದಿನವೂ ಮಲಗಿತ್ತು. ಹೂಂ ಅನ್ನುವ ಸಾಲಿನಲ್ಲಿ ಅದು ಇರಲಿಲ್ಲವಾದ್ದರಿಂದ ನನ್ನ ಪಟದಲ್ಲಿ ಚುಕ್ಕೆ ಇಡುವ ಪ್ರಸಂಗ ಬರಲಿಲ್ಲ.

ಹನ್ನೊಂದನೆಯ ದಿನ ಬೆಳಗಿನ ಗಂಜಿ ಹಾಕಿ ಮುಗಿಸಿದ ಆಯಿ ನನ್ನ ಎದುರು ಬಂದು ಕೂತಳು. ಆಕೆ ಎಂದೂ ಹಾಗೆ ಕೂತವಳಲ್ಲ.

“ಕತಿ ಬಿಡ್ರಿ ಮಾಸ್ತರ್ರ.”

“ನೀನೂ ನಂಬ್ತೀಯೇನ ಆಯಿ, ಅವ ಕತಿಯಿಂದ ದಾರಿ ತಪ್ಪಿದ ಅಂತ?”

“ನಾ ನಂಬಿದ್ರೇನು, ಬಿಟ್ರೇನು. ಹಂಡೇದಾಗ ಹನ್ನೆರಡು ಮಂದಿ ಗಂಜಿ ಉಳೀತೈತಿ ದಿನಾ. ನಿಮ್ಮ ಓವರಸೀಯರ ಚರಗೀಲೆ ಕುಡೀತಾನ. ಅದನ್ನ ನೋಡಾಕ ಆಗವಲ್ದು ನನಗ.”

ಸುಮ್ಮನೆ ನಿಲ್ಲಿಸಿದರೆ ಸಾಲದು ಎಂದೂ ಹೇಳಿದಳು. “ನಿಲ್ಲಿಸೇನಿ ಅಂತ ಅವರ ಮುಂದ ಹೋಗಿ ಹೇಳಬೇಕು. ನಕ್ಕಾವ್ರು ನೀವು. ಹೋಗಾವ್ರೂ ನೀವ.”

ನಾನು ಎದ್ದು ರಸ್ತೆ ದಾಟಿದೆ. ಇಪ್ಪತ್ತು ಹೆಜ್ಜೆ ಇರಬಹುದು. ಖಡಿಯ ಗುಂಪಿಯ ಬದಿಗೆ ನೆಲದ ಮೇಲೆ ಕೂತೆ. ಆಕೆ ಸುತ್ತಿಗೆ ನಿಲ್ಲಿಸಲಿಲ್ಲ. ಹುಡುಗಿ ಕಣ್ಣು ತೆರೆದು ನನ್ನನ್ನು ನೋಡಿತು, ಮತ್ತೆ ಮುಚ್ಚಿತು. ಹಗಲು ಹೊತ್ತು ಕಥೆ ಹೇಳಿದ್ದು ತಪ್ಪಾಯಿತು, ನಕ್ಕದ್ದು ಅದಕ್ಕಿಂತ ತಪ್ಪಾಯಿತು, ಇನ್ನು ಹೇಳುವುದಿಲ್ಲ ಎಂದೆ. ಪಾಠ ಒಪ್ಪಿಸಿದ ಹಾಗೆಯೇ ಹೇಳಿದೆ. ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಆಕೆ ನಾಲ್ಕು ಕಲ್ಲು ಒಡೆದಳು.

“ಹೇಳಿದ್ದನ್ನ ಏನ್ ಮಾಡ್ತೀರಿ?”

ಪಕ್ಕದ ಗುಂಪಿಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನನ್ನು ಪಾರು ಮಾಡಿದಳು. ಹೇಳಬೇಕೆಂದೇ ಇದ್ದರೆ ಹೊತ್ತು ಮುಳುಗಿದ ಮೇಲೆ ಹೇಳಿ, ನಮ್ಮ ಮುಂದೆ ಹೇಳಿ, ನಾವೂ ಕೇಳುತ್ತೇವೆ ಎಂದಳು. ಕಳ್ಳಕವಟಗಿಯವಳು ಸುತ್ತಿಗೆ ಕೆಳಗಿಟ್ಟಳು. ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ನಾಲ್ಕು ವರ್ಷದ ಮಗು ಅಷ್ಟು ಹಗುರ ಇರಬಾರದು.

ಅಂದಿನ ಮಧ್ಯಾಹ್ನದ ಹಾಜರಿಯಲ್ಲಿ ಹನ್ನೆರಡೂ ಹೆಸರುಗಳಿಗೆ ಉತ್ತರ ಬಂತು. ಬೆಳಗಿನ ಹಾಜರಿಯ ಮನೆಗಳನ್ನು ನಾನೇ ತುಂಬಿದೆ. ಓವರಸೀಯರ ನೋಡಿ, ಇವು ಬೆಳಿಗ್ಗೆ ಎಲ್ಲಿದ್ದವು ಎಂದು ಕೇಳಿದ. ಕಥೆಯಲ್ಲಿದ್ದವು ಎಂದೆ.

ಹೊಸ ಕ್ರಮ ಹೀಗಾಯಿತು. ಹಗಲು ಕಥೆಯಿಲ್ಲ, ಕಥೆಯ ಸಾಮಾನು ಮಾಡುವುದು ಮಾತ್ರ. ಎರೆಮಣ್ಣು ಕಲಸಿ ಇರುವೆ, ಕಪ್ಪೆ, ಎತ್ತು, ತವರಿನ ಒಲೆ ಎಲ್ಲವನ್ನೂ ಮಕ್ಕಳು ಮಾಡಿ ತಗಡಿನ ನೆರಳಿನಲ್ಲಿ ಒಣಗಿಸುತ್ತಿದ್ದರು. ಹೊತ್ತು ಮುಳುಗಿ ಹೆಂಗಸರು ಸುತ್ತಿಗೆ, ಬುಟ್ಟಿ ಒಪ್ಪಿಸಿದ ಮೇಲೆ, ಗುಡಿಸಲುಗಳಿಗೆ ಹೋಗುವ ಮೊದಲು, ಖಡಿಯ ಮೇಲೆಯೇ ಎಲ್ಲರೂ ಕೂಡ್ರುತ್ತಿದ್ದರು. ಸುತ್ತಿಗೆಯ ಸದ್ದಿಲ್ಲದ ಆ ಹೊತ್ತಿನಲ್ಲಿ ಕಥೆ. ನಾನು ದಾರಿ ತಪ್ಪಿದಲ್ಲಿ ತಾಯಂದಿರು ತಿದ್ದುತ್ತಿದ್ದರು. ಅವರಿಗೆ ಗೊತ್ತಿದ್ದ ಇರುವೆ ನನ್ನ ಇರುವೆಗಿಂತ ಜಾಣ. ಮಕ್ಕಳ ದನಿ ತೆಳ್ಳಗಾದದ್ದನ್ನು ನನಗಿಂತ ಮೊದಲು ಅವರೇ ಗುರುತಿಸಿ, ಇದನ್ನು ನಾಳೆ ಕಂಪೌಂಡರನಿಗೆ ತೋರಿಸಿ ಎನ್ನುತ್ತಿದ್ದರು. ದಿನಚರಿಯಲ್ಲಿ ನಾನು ‘ಕಥೆ ಹೇಳಲಾಯಿತು’ ಎಂದು ಬರೆದೆ, ವೇಳೆ ಬರೆಯಲಿಲ್ಲ. ಶಿಕ್ಷಣದ ದೃಷ್ಟಿಯಿಂದ ಇಂಥ ಉತ್ತಮ ಕ್ರಮವನ್ನು ನಾನು ಆಮೇಲೆ ಎಲ್ಲಿಯೂ ನಡೆಸಿಲ್ಲ. ಇಪ್ಪತ್ತು ದಿನ ಮೊದಲು ನಡೆಸಬಹುದಿತ್ತು.

ಹುಡುಗಿಯ ಹೊಟ್ಟೆಯಲ್ಲಿ ಗಂಜಿ ನಿಲ್ಲುತ್ತಿರಲಿಲ್ಲ. ಆಯಿ ತಿಳಿಯನ್ನು ಬಟ್ಟೆಯಲ್ಲಿ ಅದ್ದಿ ಬಾಯಿಗೆ ಹಿಂಡುತ್ತಿದ್ದಳು. ಕಂಪೌಂಡರ ಒಂದು ಪುಡಿ ಕೊಟ್ಟು, ವಾರದ ಹಿಂದೆ ತೋರಿಸಬೇಕಿತ್ತು ಎಂದ. ಸಂಜೆಯ ಕಥೆಗೆ ತಾಯಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂಡ್ರುತ್ತಿದ್ದಳು. ಎರಡು ಸಂಜೆ ಅದರ ಸರದಿಗೆ ಹೂಂ ಬಂತು. ನಾವೆಲ್ಲ ಕಾದ ಮೇಲೆ ಬಂತು. ಮೂರನೆಯ ಸಂಜೆ ತಾಯಿ ಅದರ ಪರವಾಗಿ ಅಂದಳು. ಆರನೆಯ ದಿನ ನಸುಕಿನಲ್ಲಿ, ಅವರ ಗುಡಿಸಲಿನಲ್ಲಿ ಅದು ತೀರಿಕೊಂಡಿತು.

ಹನ್ನೆರಡರಲ್ಲಿ ಹನ್ನೊಂದು ಮಕ್ಕಳು ಉಳಿದರು. ಅಂಥ ವರ್ಷದಲ್ಲಿ ಇದು ಕೆಟ್ಟ ಫಲಿತಾಂಶವಲ್ಲವೆಂದು ಓವರಸೀಯರ ನನಗೆ ಸಮಾಧಾನ ಹೇಳಿದ. ಪರೀಕ್ಷೆಯ ಮಾತಾಡುವ ಹಾಗೆ ಹೇಳಿದ. ನಾನೂ ಎಷ್ಟೋ ವರ್ಷ ಅದೇ ಧಾಟಿಯಲ್ಲಿ ಮಾತಾಡಿದವನು. ಆಕೆಯ ತಮ್ಮ ನಾನು ಅಲ್ಲಿರುವ ತನಕ ಬರಲಿಲ್ಲ. ರಸ್ತೆ ನೆಟ್ಟಗೇ ಇತ್ತು.

ಮಣ್ಣು ಮಾಡಿದ ಮರುದಿನ ಹಾಜರಿಯ ಹೊತ್ತಿಗೆ ಆಕೆ ಛಪ್ಪರದ ತೆರೆದ ಬದಿಯಲ್ಲಿ ಬಂದು ನಿಂತಳು. ಅಂದು ಕೆಲಸಕ್ಕೆ ಬರಬಾರದಿತ್ತು. ಆದರೆ ಬಾರದವಳ ಗುಂಪಿಯನ್ನು ಬೇರೆಯವರಿಗೆ ಕೊಡುತ್ತಿದ್ದರು. ನಾನು ಏನೋ ಹೇಳಬೇಕೆಂದು ಎದ್ದೆ. ಅವಳು ಹೇಳಗೊಡಲಿಲ್ಲ.

“ಆಕಿ ಜಾಗಾ ಖಾಲಿ ಐತಲ್ರಿ.”

ಹೌದು ಎಂದೆ.

“ಇದನ್ನ ಕುಂಡ್ರಿಸ್ಕೋತೀರೇನ್ರಿ? ನನಗ ಹಾಲು ಬತ್ತ್ಯಾವ.”

ಸೊಂಟದ ಮೇಲಿನ ಕೂಸಿಗೆ ಒಂದು ವರ್ಷದ ಮೇಲೆ ಎರಡೋ ಮೂರೋ ತಿಂಗಳು. ಮೂರು ವರ್ಷವಾಗದ ಮಗುವಿನ ಹೆಸರನ್ನು ಪಟದಲ್ಲಿ ಹಚ್ಚುವಂತಿಲ್ಲ. ಹಚ್ಚಿದರೆ ಓವರಸೀಯರ ಹುಟ್ಟಿದ ತಾರೀಖು ನೋಡಿ ಕೇಳುತ್ತಾನೆ, ಖಾಲಿಯಾದ ಜಾಗಕ್ಕೆ ತಿಕೋಟಾದಿಂದ ಬೇರೊಂದು ಮಗು ಬರುತ್ತದೆ. ನಾನು ಪಟ ತೆರೆದೆ. ಆ ಹುಡುಗಿಯ ಹೆಸರನ್ನು ಹೊಡೆದು ಹಾಕಲು ಮಸಿಯಲ್ಲಿ ಅದ್ದಿದ ಟಾಕು ಕೈಯಲ್ಲೇ ಇತ್ತು. ಹೊಡೆಯಲಿಲ್ಲ. ಹೆಸರಿನ ಮುಂದಿನ ಮನೆಯಲ್ಲಿ ‘ಹಾಜರ’ ಎಂದು ಬರೆದೆ. ಒಂದು ಮಗು ಹೋದದ್ದು ಓವರಸೀಯರನಿಗೆ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ; ಪಟದಲ್ಲಿ ಅರವತ್ತು ತುಂಬಿದ್ದರೆ ಆತ ಕೇಳುತ್ತಿರಲಿಲ್ಲ. ಆಯಿ ಬಂದು ಕೂಸನ್ನು ಎತ್ತಿಕೊಂಡು, ಮೂರನೆಯ ಸಾಲಿನ ತುದಿಗೆ, ಒರಗಲು ತಟ್ಟಿ ಸಿಗುವ ಹಾಗೆ ಕೂಡ್ರಿಸಿದಳು.

ಮಳೆ ಬಿದ್ದು ಕಾಮಗಾರಿ ನಿಲ್ಲುವ ತನಕ ದಿನಕ್ಕೆರಡು ಸಲ ನಾನು ಆ ಹೆಸರನ್ನು ಗಟ್ಟಿಯಾಗಿ ಕರೆದೆ. ಎದುರಿಗೆ ಖಡಿ ಒಡೆಯುವ ತಾಯಿಗೂ ಅದು ಕೇಳುತ್ತಿತ್ತು. ಮೊದಲು ಆಯಿ ಉತ್ತರ ಕೊಡುತ್ತಿದ್ದಳು. ಕೂಸು ದಿನಾಲು ತಿಳಿ ಕುಡಿದು, ಆಮೇಲೆ ನುಚ್ಚು ತಿಂದು, ತಟ್ಟಿ ಹಿಡಿದು ನಿಲ್ಲುವುದನ್ನು ಕಲಿಯಿತು. ಕೊನೆಕೊನೆಗೆ ಆ ಹೆಸರು ಕರೆದರೆ ತಾನೇ ತಿರುಗಿ ನೋಡುತ್ತಿತ್ತು.

ತಾಯಿ ಅದನ್ನು ತಿದ್ದಲಿಲ್ಲ. ನಾನೂ ತಿದ್ದಲಿಲ್ಲ.